ಒಂದು ಸ್ಕ್ರೂವಿನ ಅರ್ಥಶಾಸ್ತ್ರ

ಶಿರಾಡಿ ಘಾಟಿಯ ಏರಿನಲ್ಲಿ ಭಾರ ಹೊತ್ತ ಹಳೆಯ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಕಪ್ಪು ಹೊಗೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಾರಿನ ಗಾಜು ಏರಿಸಿಕೊಂಡು, ಸರ್ಕಾರವನ್ನೂ ಲಾರಿಯವರನ್ನೂ ಒಟ್ಟಿಗೇ ಶಪಿಸಿ ನಾವು ಮುಂದೆ ಸಾಗುತ್ತೇವೆ. ಆ ಹೊಗೆಗೆ ಲಾರಿಯ ವಯಸ್ಸೇ ಕಾರಣವೆಂಬುದು ಸಾಮಾನ್ಯ ನಂಬಿಕೆ. ಅದು ಅರ್ಧಸತ್ಯ. ಎಂಜಿನ್‌ಗೆ ಎಷ್ಟು ಡೀಸೆಲ್, ಎಷ್ಟು ಗಾಳಿ ಸೇರುತ್ತಿದೆ ಎಂಬುದೂ ವಯಸ್ಸಿನಷ್ಟೇ ಮುಖ್ಯ.

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯೂ ಇಂಧನವೂ ಮೊದಲೇ ಬೆರೆತು ಒಳಹೋಗುತ್ತವೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲ್‌ಗೆ ಸುಮಾರು 14.7 ಭಾಗ ಗಾಳಿ ಬೇಕು. ಅಂಬಾಸಿಡರ್ ಕಾಲದ ಮೆಕ್ಯಾನಿಕ್ ಎಂಜಿನ್ ಬಿಸಿಯಾದ ಮೇಲೆ ಕಾರ್ಬ್ಯುರೇಟರಿನ ಎರಡು ಸ್ಕ್ರೂಗಳನ್ನು ತಿರುಗಿಸುತ್ತ, ಸದ್ದಿಗೆ ಕಿವಿಗೊಟ್ಟು ಇದನ್ನು ಹೊಂದಿಸುತ್ತಿದ್ದ. ಡೀಸೆಲ್ ಲಾರಿಯ ಕ್ರಮ ಬೇರೆ. ಗಾಳಿ ತಡೆಯಿಲ್ಲದೆ ಒಳಬರುತ್ತದೆ. ಶಕ್ತಿಯ ಏರಿಳಿತವೆಲ್ಲ ಪಂಪು ಚಿಮ್ಮಿಸುವ ಡೀಸೆಲ್‌ನ ಪ್ರಮಾಣವನ್ನು ಅವಲಂಬಿಸಿದೆ. ಅಗತ್ಯಕ್ಕಿಂತ ಹೆಚ್ಚು ಗಾಳಿ ಇದ್ದಾಗ ಮಾತ್ರ ಅದು ಶುದ್ಧವಾಗಿ ಉರಿಯುತ್ತದೆ. ಗಾಳಿಗೆ ಮಿಗಿಲಾಗಿ ಡೀಸೆಲ್ ಸುರಿದರೆ ಎಳೆಯುವ ಬಲ ತುಸು ಹೆಚ್ಚಬಹುದು, ಆದರೆ ಉರಿಯದೆ ಉಳಿದ ಇಂಗಾಲ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ.

ಹಳೆಯ ಲಾರಿಗಳ ಪಂಪಿನಲ್ಲಿ ಗಮನಿಸಬೇಕಾದ ಸ್ಕ್ರೂಗಳು ಎರಡು. ಒಂದು, ನಿಂತ ಲಾರಿಯ ಎಂಜಿನ್ ವೇಗವನ್ನು, ಅಂದರೆ ಐಡ್ಲಿಂಗನ್ನು, ನಿಗದಿಪಡಿಸುವಂಥದು. ಇದು ಸಾಮಾನ್ಯವಾಗಿ ನಿಮಿಷಕ್ಕೆ 600 ಸುತ್ತುಗಳ ಆಸುಪಾಸಿನಲ್ಲಿರುತ್ತದೆ. ತೀರ ಇಳಿಸಿದರೆ ಎಂಜಿನ್ ನಡುಗುತ್ತದೆ, ಆಯಿಲ್ ಒತ್ತಡ ಕುಸಿಯುತ್ತದೆ, ಬ್ರೇಕಿಗೆ ಬೇಕಾದ ಗಾಳಿ ತುಂಬುವುದು ತಡವಾಗುತ್ತದೆ. ಏರಿಸಿದರೆ ಚೆಕ್‌ಪೋಸ್ಟಿನಲ್ಲಿ, ಮಂಡಿಯ ಮುಂದೆ ನಿಂತಷ್ಟು ಹೊತ್ತೂ ಡೀಸೆಲ್ ವ್ಯರ್ಥ. ಸವೆದ ನಾಝಲ್‌ನಿಂದ ಎಂಜಿನ್ ಹೊಯ್ದಾಡುವಾಗ, ನಾಝಲ್ ಬದಲಿಸುವ ಬದಲು ಐಡ್ಲಿಂಗ್ ಏರಿಸಿ ದೋಷ ಮುಚ್ಚುವುದು ಸುಲಭ. ಎರಡನೆಯದು, ಪೂರ್ಣ ಭಾರದಲ್ಲಿ ಗರಿಷ್ಠ ಎಷ್ಟು ಡೀಸೆಲ್ ಹೋಗಬೇಕೆಂಬ ಮಿತಿಯ ಸ್ಕ್ರೂ. ಇದನ್ನು ಪರೀಕ್ಷಾ ಯಂತ್ರದ ಮೇಲೆ ಅಳೆದು ಹೊಂದಿಸಿ, ಸೀಲ್ ಹಾಕಬೇಕು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪೆನಿ, ದೇಶದ ಲಾರಿಗಳಿಗೆ ಇಂಥ ಪಂಪುಗಳನ್ನು ದಶಕಗಳ ಕಾಲ ಒದಗಿಸಿದ್ದು ಬೆಂಗಳೂರಿನಿಂದಲೇ. ಪಂಪಿನ ಸೂಕ್ಷ್ಮ ಬಲ್ಲ ಕುಶಲಕರ್ಮಿಗಳು ಈ ನಗರಕ್ಕೆ ಹೊಸಬರಲ್ಲ.

ಹಾಗಾದರೆ ಸೀಲ್ ಒಡೆಯುವುದೇಕೆ? ಕಪ್ಪು ಹೊಗೆಯೆಂದರೆ ಮಾಲೀಕನ ಹಣವೇ ಹೊಗೆಯಾಗಿ ಹೋಗುವುದಲ್ಲವೆ? ಲೆಕ್ಕ ಹಾಕಿ ನೋಡೋಣ. ಲೀಟರಿಗೆ ನಾಲ್ಕು ಕಿ.ಮೀ. ಓಡುವ ಲಾರಿ ವರ್ಷಕ್ಕೆ 60,000 ಕಿ.ಮೀ. ಸಂಚರಿಸಿದರೆ 15,000 ಲೀಟರ್ ಬೇಕು. ಅದರಲ್ಲಿ ಶೇ 5ರಷ್ಟು ಪೋಲಾಯಿತೆಂದು ಇಟ್ಟುಕೊಂಡರೆ 750 ಲೀಟರ್. ಲೀಟರಿಗೆ 90 ರೂಪಾಯಿಯಂತೆ 67,500 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಆದರೆ ಈ ನಷ್ಟ ದಿನಕ್ಕಿಷ್ಟರಂತೆ ಕಣ್ಣಿಗೆ ಕಾಣದೆ ಸೋರುತ್ತದೆ. ಪಂಪ್ ಬಿಚ್ಚಿಸುವ ಖರ್ಚು ಮಾತ್ರ ಇಂದೇ ನಗದಾಗಿ ಕೊಡಬೇಕಾದ್ದು, ಜೊತೆಗೆ ಬಾಡಿಗೆ ತಪ್ಪಿದ ದಿನಗಳ ನಷ್ಟ. ಸಾಲದ ಕಂತು ಕಟ್ಟುತ್ತಿರುವ ಒಂದು ಲಾರಿಯ ಒಡೆಯ ಯಾವುದನ್ನು ಮುಂದೂಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಿತಿ ಮೀರಿ ಹೇರಿದ ಎರಡು ಟನ್ನಿನ ಬಾಡಿಗೆ ಡೀಸೆಲ್ ನಷ್ಟವನ್ನು ತುಂಬಿಕೊಟ್ಟರೆ, ಸ್ಕ್ರೂ ತಿರುಗಿಸುವುದೇ ಅವನಿಗೆ ಲಾಭ. ಡೀಸೆಲ್ ಖರ್ಚು ಮಾಲೀಕನದು, ಘಾಟಿ ಹತ್ತಿಸುವ ಕಷ್ಟ ಚಾಲಕನದು. ಇಬ್ಬರ ಹಿತವೂ ಒಂದೇ ಅಲ್ಲ.

ಈ ಲೆಕ್ಕದಲ್ಲಿ ಸೇರದೆ ಉಳಿದವನು ಮೂರನೆಯವನು: ದಾರಿ ಬದಿಯ ಅಂಗಡಿಯವನು, ಶಾಲೆಗೆ ನಡೆದುಹೋಗುವ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು 2012ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಒಬ್ಬನ ವ್ಯವಹಾರದ ವೆಚ್ಚ ಸಂಬಂಧವಿಲ್ಲದ ಇನ್ನೊಬ್ಬನ ಮೇಲೆ ಬಿದ್ದಾಗ ಮಾರುಕಟ್ಟೆ ಅದನ್ನು ತಾನಾಗಿ ಸರಿಪಡಿಸದು ಎಂಬುದನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಿವರಿಸಿದ್ದರು. ಹಾನಿಗೆ ತಕ್ಕ ಬೆಲೆ ವಿಧಿಸಬೇಕೆಂಬುದು ಅವರ ವಾದದ ತಿರುಳು.

ನಮ್ಮ ವ್ಯವಸ್ಥೆ ಬೆಲೆ ಕಟ್ಟುತ್ತಿರುವುದು ಯಾವುದಕ್ಕೆ? ಹಳೆಯ ಡೀಸೆಲ್ ವಾಹನಗಳ ಹೊಗೆಯ ಮಿತಿ 65 ಹಾರ್ಟ್‌ರಿಡ್ಜ್ ಮಾನ. ಇದನ್ನು ಅಳೆಯುವುದು ನಿಂತ ಲಾರಿಯ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಭಾರವಿಲ್ಲದೆ. ಘಾಟಿ ಏರುವ ಹತ್ತು ಟನ್ನಿನ ಹೊರೆ ಅಲ್ಲಿರುವುದಿಲ್ಲ. ಆಕ್ಸಿಲರೇಟರನ್ನು ಅರ್ಧ ಒತ್ತಿದರೂ ಅಂಕಿ ಇಳಿಯುತ್ತದೆ. ತಪಾಸಣೆಯ ದಿನ ಪಂಪನ್ನು ಇಳಿಸಿ ಮರುದಿನ ಏರಿಸಿಕೊಳ್ಳುವುದಕ್ಕೂ ತಾಂತ್ರಿಕ ಅಡ್ಡಿಯಿಲ್ಲ. ಪ್ರಮಾಣಪತ್ರ ಹೇಳುವುದು ಆ ಕ್ಷಣದ ಸ್ಥಿತಿಯನ್ನಷ್ಟೆ. ಇತ್ತ 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ವಾಹನಗಳ ಎಫ್‌ಸಿ ನವೀಕರಣ ಶುಲ್ಕವನ್ನು ಹಲವು ಪಟ್ಟು ಏರಿಸಲಾಯಿತು. ಆ ದರ ನೋಡುವುದು ವಯಸ್ಸನ್ನು, ಹೊಗೆಯನ್ನಲ್ಲ. ಪಂಪು, ಫಿಲ್ಟರು, ನಾಝಲ್‌ಗಳನ್ನು ಕಾಲಕಾಲಕ್ಕೆ ನೋಡಿಕೊಂಡವನೂ ಸೀಲ್ ಒಡೆದವನೂ ಅಲ್ಲಿ ಸಮಾನರು.

ಹಳೆಯ ಎಂಜಿನ್ ಎಷ್ಟೇ ಟ್ಯೂನ್ ಆದರೂ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಲಾರಿಗೆ ಸಮನಾಗದು, ನಿಜ. ಹೊಸ ಲಾರಿಗಳಲ್ಲಿ ಡೀಸೆಲ್ ಪ್ರಮಾಣವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯೇ ನಿರ್ಧರಿಸುತ್ತದೆ. ಗುಜರಿ ನೀತಿಯ ಉದ್ದೇಶವನ್ನು ಯಾರೂ ವಿರೋಧಿಸಬೇಕಾಗಿಲ್ಲ. ಆದರೆ ಹೊಸ ಲಾರಿ ಕೊಳ್ಳುವ ಚೈತನ್ಯವಿಲ್ಲದ ಸಣ್ಣ ಮಾಲೀಕರು ಇರುವವರೆಗೆ ಹಳೆಯ ಲಾರಿಗಳೂ ಇರುತ್ತವೆ. ಅವು ರಸ್ತೆಯ ಮೇಲಿರುವಷ್ಟು ಕಾಲ ಕಡಿಮೆ ಹೊಗೆ ಉಗುಳುವಂತೆ ಮಾಡುವುದು ಸಾರ್ವಜನಿಕ ಹೊಣೆ.

ಇದಕ್ಕೆ ಭಾರಿ ಬಂಡವಾಳ ಬೇಡ. ಪಂಪನ್ನು ಹೊಂದಿಸಿದ ವರ್ಕ್‌ಶಾಪಿನ ನೋಂದಣಿ ಸಂಖ್ಯೆ ಹಾಗೂ ದಿನಾಂಕ ಸೀಲ್ ಮೇಲಿರಲಿ. ಎಫ್‌ಸಿ ಸಮಯದಲ್ಲಿ ಆ ಸೀಲನ್ನೂ ನೋಡಲಿ. ತಪಾಸಣೆಯಲ್ಲಿ ಸೋತ ಲಾರಿಗೆ ದಂಡದ ಚೀಟಿಯ ಜೊತೆ ದುರಸ್ತಿಯ ಸೂಚನೆಯೂ ಸಿಗಲಿ: ಮೊದಲು ಏರ್ ಫಿಲ್ಟರ್, ಬಳಿಕ ನಾಝಲ್, ಟೈಮಿಂಗ್, ಕೊನೆಗೆ ಪಂಪ್. ಎಷ್ಟೋ ವೇಳೆ ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೇ ಹೊಗೆ ತಗ್ಗುತ್ತದೆ. ಮಿತಿಗಿಂತ ಬಹಳ ಕಡಿಮೆ ಹೊಗೆ ತೋರಿದ ಲಾರಿಗೆ ಶುಲ್ಕದಲ್ಲಿ ರಿಯಾಯಿತಿ ದೊರೆಯಲಿ, ಮಿತಿಯ ಅಂಚಿನಲ್ಲಿರುವುದಕ್ಕೆ ಹೆಚ್ಚು ಶುಲ್ಕ ಬೀಳಲಿ. ಆಗ ಸ್ಕ್ರೂ ಸರಿಯಾಗಿಡುವುದೇ ಮಾಲೀಕನಿಗೂ ಲಾಭವಾಗುತ್ತದೆ. ವಯಸ್ಸಿಗೆ ದಂಡ ವಿಧಿಸುವುದು ಆಡಳಿತಕ್ಕೆ ಸುಲಭ, ನಿಜ. ಆದರೆ ನಮ್ಮ ಶ್ವಾಸಕೋಶಕ್ಕೆ ಇಳಿಯುವುದು ಹೊಗೆಯಾದ್ದರಿಂದ ದಂಡವೂ ಅದಕ್ಕೇ ಬೀಳಬೇಕು.