ಹಳೆಯ ವಾಹನಗಳ ಪುನಶ್ಚೇತನ: ಮೂಲದಲ್ಲಿಲ್ಲದ ಹೆಚ್ಚುವರಿ ಭಾಗಗಳನ್ನು ಉಳಿಸುವುದೇ, ತೆಗೆಯುವುದೇ?

(ಸಾರ್ವಜನಿಕರ ಮಾಹಿತಿಗಾಗಿ)

ಹಾವೇರಿ ಜಿಲ್ಲೆಯ ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಮತ್ತು ಸುತ್ತಲಿನ ಗ್ರಾಮಗಳಲ್ಲಿ ಹಿರಿಯರಿಂದ ಬಂದ ಹಳೆಯ ಜಾವಾ ಮೋಟಾರು ಸೈಕಲ್, ಅಂಬಾಸಿಡರ್ ಅಥವಾ ಫಿಯೆಟ್ ಕಾರನ್ನು ದುರಸ್ತಿಗೊಳಿಸಿ ನೋಂದಣಿ ಮಾಡಿಸಬಯಸುವ ಮಾಲೀಕರಿಗೆ ಉಪಯುಕ್ತವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ವಾಹನಗಳಿಗೆ ಕಾಲಕಾಲಕ್ಕೆ ಕಾರ್ಖಾನೆಯಿಂದ ಬಾರದ ಅನೇಕ ಭಾಗಗಳು ಸೇರಿಕೊಂಡಿರುತ್ತವೆ. ಅವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಗ್ಯಾರೇಜಿನ ಕೆಲಸ ಆರಂಭವಾಗುವ ಮೊದಲೇ ನಿರ್ಧರಿಸುವುದು ಅಗತ್ಯ. ಒಮ್ಮೆ ಕತ್ತರಿಸಿದ ಅಥವಾ ಗುಜರಿಗೆ ಹಾಕಿದ ಭಾಗವನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.

1. ವಿಂಟೇಜ್ ವಾಹನ ಎಂದರೇನು?

ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ 2021ರ ಜುಲೈನಲ್ಲಿ ಮಾಡಲಾದ ತಿದ್ದುಪಡಿಯಂತೆ, ಮೊದಲ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಇರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಪರಿಗಣಿಸಲಾಗುತ್ತದೆ. ಚಾಸಿಸ್, ಹೊರಕವಚ (ಬಾಡಿ) ಅಥವಾ ಎಂಜಿನ್ ಮಾರ್ಪಾಡಾಗಿರಬಾರದು ಎಂಬುದು ಇದರ ಮುಖ್ಯ ಷರತ್ತು. ಟ್ರ್ಯಾಕ್ಟರ್ ಮತ್ತು ಸರಕು ಸಾಗಣೆ ಲಾರಿಗಳು ಈ ವ್ಯವಸ್ಥೆಯಡಿ ಬರುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ ಮೋಟಾರು ಸೈಕಲ್‌ಗಳು ವಯಸ್ಸಿನ ದೃಷ್ಟಿಯಿಂದ ಈಗಾಗಲೇ ಅರ್ಹವಾಗಿವೆ. ಆದರೆ ಭಾರತದ ‘ಮಸಲ್ ಕಾರು’ ಎಂದು ಅಭಿಮಾನಿಗಳು ಕರೆಯುವ ಕಾಂಟೆಸ್ಸಾ ತಯಾರಾದದ್ದು 1984ರಿಂದ 2002ರವರೆಗೆ. ಆದುದರಿಂದ 2034ಕ್ಕೆ ಮೊದಲು ಯಾವ ಕಾಂಟೆಸ್ಸಾ ಕಾರಿಗೂ 50 ವರ್ಷ ತುಂಬುವುದಿಲ್ಲ. ಅಲ್ಲಿಯವರೆಗೆ ಅದಕ್ಕೆ ಸಾಮಾನ್ಯ ವಾಹನಗಳ ನಿಯಮಗಳೇ ಅನ್ವಯಿಸುತ್ತವೆ. ಹಾಗಿದ್ದರೂ ಇಂದು ಅದರ ಎಂಜಿನ್ ಅಥವಾ ಬಾಡಿಯನ್ನು ಬದಲಾಯಿಸಿದರೆ ಮುಂದೆ ದೊರೆಯಬಹುದಾದ ವಿಂಟೇಜ್ ಮಾನ್ಯತೆಗೆ ಅಡ್ಡಿಯಾಗುತ್ತದೆ ಎಂಬುದನ್ನು ಮಾಲೀಕರು ಗಮನದಲ್ಲಿಡತಕ್ಕದ್ದು.

2. ತೆಗೆಯಬೇಕಾದ ಭಾಗಗಳು

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನಂತೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಕಾರಿನ ಮುಂಭಾಗಕ್ಕೆ ಅಳವಡಿಸಿದ ಕಬ್ಬಿಣದ ಬುಲ್ ಬಾರ್ ಕುರಿತು ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿದೆ. ಒಂದರ ಹಿಂದೊಂದರಂತೆ ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್‌ಗಳೂ ನಿಷಿದ್ಧ. ಇವುಗಳನ್ನು ತೆಗೆಯಿಸುವುದು ಕಡ್ಡಾಯ.

3. ಉಳಿಸಿಕೊಳ್ಳಬೇಕಾದ ಭಾಗಗಳು

ಮೂಲದಲ್ಲಿ ಇಲ್ಲದಿದ್ದ ಮಾತ್ರಕ್ಕೆ ಎಲ್ಲವನ್ನೂ ತೆಗೆಯಬೇಕೆಂದಿಲ್ಲ. ಮೋಟಾರು ಸೈಕಲ್‌ನ ಹಿಂಬದಿ ಸವಾರರ ಸುರಕ್ಷತೆಗಾಗಿ ಕೈಹಿಡಿ, ಕಾಲೂರುವ ಮೆಟ್ಟು ಹಾಗೂ ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಕನಿಷ್ಠ ಅರ್ಧಭಾಗವನ್ನು ಮುಚ್ಚುವ ರಕ್ಷಕ ಇರಬೇಕೆಂದು ಕೇಂದ್ರ ನಿಯಮ 123 ತಿಳಿಸುತ್ತದೆ. ಜನಬಳಕೆಯಲ್ಲಿ ಸೀರೆ ಗಾರ್ಡ್ ಎಂದು ಕರೆಯಲಾಗುವ ಈ ಭಾಗವನ್ನು ವಾಹನದ ಅಂದಕ್ಕಾಗಿ ತೆಗೆದುಹಾಕುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುತ್ತದೆ.

4. ಮಾಲೀಕರ ವಿವೇಚನೆಗೆ ಬಿಟ್ಟ ಭಾಗಗಳು

ಹಿಂದಿನ ಕ್ಯಾರಿಯರ್, ಪಕ್ಕದ ಪೆಟ್ಟಿಗೆ, ಹೆಚ್ಚುವರಿ ಸೀಟು ಕವಚ ಮುಂತಾದವುಗಳನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು, ಮತ್ತೆ ಕೂರಿಸಲೂಬಹುದು. ಬಿಚ್ಚಿದಾಗ ವಾಹನದ ಮೂಲ ಲೋಹಕ್ಕೆ ಹಾನಿಯಾಗದೆ ಮೊದಲಿನಂತಾಗುವುದೇ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಹಳೆಯ ಜಾವಾದ 6 ವೋಲ್ಟ್ ವಿದ್ಯುತ್ ವ್ಯವಸ್ಥೆಗೆ ಬದಲಾಗಿ 12 ವೋಲ್ಟ್ ಅಳವಡಿಸಿದ್ದಲ್ಲಿ, ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ಅರ್ಧ ಶತಮಾನ ವಾಹನದೊಂದಿಗೇ ಇದ್ದ ಕ್ಯಾರಿಯರ್ ಆ ಕುಟುಂಬ ವಾಹನವನ್ನು ಬಳಸಿದ ಬಗೆಗೆ ಸಾಕ್ಷಿಯೂ ಹೌದು. ತೆಗೆಯುವುದಾದರೆ ಮೊದಲು ಛಾಯಾಚಿತ್ರ ತೆಗೆಸಿ, ಭಾಗವನ್ನು ಎಸೆಯದೆ ಹೆಸರುಚೀಟಿ ಅಂಟಿಸಿ ಕಾಯ್ದಿರಿಸಬೇಕು.

ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್ ತೆಗೆದು ಬೇರೆ ವಾಹನದ ಡೀಸೆಲ್ ಎಂಜಿನ್ ಕೂರಿಸಿರುವುದು ಈ ವರ್ಗಕ್ಕೆ ಸೇರುವುದಿಲ್ಲ. ಅದು ಎಂಜಿನ್‌ನ ಮಾರ್ಪಾಡೇ ಆಗಿರುತ್ತದೆ. ಅಂತಹ ವಾಹನವನ್ನು ಖರೀದಿಸುವ ಮೊದಲು ಎಂಜಿನ್ ಸಂಖ್ಯೆಯನ್ನು ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡತಕ್ಕದ್ದು.

5. ದುರಸ್ತಿಗೆ ಮುನ್ನ ವಹಿಸಬೇಕಾದ ಎಚ್ಚರಿಕೆ

ತುಕ್ಕು ತೆಗೆಯಲು ಗ್ರೈಂಡರ್ ಬಳಸುವಾಗ ಚಾಸಿಸ್ ಮತ್ತು ಎಂಜಿನ್ ಮೇಲೆ ಅಚ್ಚೊತ್ತಿದ ಸಂಖ್ಯೆಗಳು ಅಳಿಸಿಹೋಗುವ ಸಂಭವವಿದೆ. ಸಂಖ್ಯೆ ಓದಲಾಗದ ವಾಹನದ ಗುರುತನ್ನು ರುಜುವಾತುಪಡಿಸುವುದು ಕಠಿಣವಾದುದರಿಂದ, ಕೆಲಸಕ್ಕೆ ಮೊದಲೇ ಆ ಸಂಖ್ಯೆಗಳ ಪೆನ್ಸಿಲ್ ಅಚ್ಚು ಹಾಗೂ ಛಾಯಾಚಿತ್ರ ಪಡೆದು, ಆ ಭಾಗವನ್ನು ಮುಟ್ಟದಂತೆ ಮೆಕ್ಯಾನಿಕ್‌ಗೆ ಸೂಚಿಸಬೇಕು. ನೋಂದಣಿ ಪುಸ್ತಕದಲ್ಲಿರುವುದಕ್ಕಿಂತ ಭಿನ್ನವಾದ ಬಣ್ಣ ಬಳಿಸುವ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು.

6. ಅರ್ಜಿ ಸಲ್ಲಿಸುವ ವಿಧಾನ

ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ, ವಿಮಾ ಪತ್ರ, ಹಳೆಯ ನೋಂದಣಿ ಪುಸ್ತಕ (ಆಮದಾದ ವಾಹನವಾದಲ್ಲಿ ಆಮದು ದಾಖಲೆ) ಹಾಗೂ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. 2021ರ ತಿದ್ದುಪಡಿಯಲ್ಲಿ ಹೊಸ ನೋಂದಣಿಗೆ ರೂ. 20,000 ಮತ್ತು ಮರುನೋಂದಣಿಗೆ ರೂ. 5,000 ನಿಗದಿಯಾಗಿದೆ. ರಾಜ್ಯ ಸಮಿತಿಯು ವಾಹನವನ್ನು ಪರಿಶೀಲಿಸಿ ಅರ್ಹತೆಯನ್ನು ತೀರ್ಮಾನಿಸುತ್ತದೆ. ನಮೂನೆ 23ಎ ಪ್ರಮಾಣಪತ್ರವು 10 ವರ್ಷ ಊರ್ಜಿತದಲ್ಲಿರುತ್ತದೆ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.

ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದಕಾರಣ ಈ ಭಾಗದ 50 ವರ್ಷ ಹಳೆಯ ವಾಹನಗಳ ಮೊದಲ ನೋಂದಣಿಯ ದಾಖಲೆಯನ್ನು ಅವಿಭಜಿತ ಧಾರವಾಡ ಜಿಲ್ಲೆಯ ಅಥವಾ ಅಂದು ನೋಂದಣಿ ಮಾಡಿದ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಈಗಿನ ಅರ್ಜಿದಾರರು ಹಾವೇರಿ (ಕೆಎ-27) ಮತ್ತು ರಾಣೆಬೆನ್ನೂರು (ಕೆಎ-68) ಕಚೇರಿಗಳ ಪೈಕಿ ತಮ್ಮ ವಾಸಸ್ಥಳ ಯಾವ ವ್ಯಾಪ್ತಿಗೆ ಬರುತ್ತದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

7. ಬಳಕೆಯ ಮಿತಿ

ವಿಂಟೇಜ್ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು ಹಾಗೂ ನಿರ್ವಹಣೆಗೆ ಮಾತ್ರ ಅವಕಾಶವಿದೆ. ಮೋಟೆಬೆನ್ನೂರಿನಿಂದ ಬ್ಯಾಡಗಿಯ ಮಾರುಕಟ್ಟೆಗೆ ಪ್ರತಿದಿನ ಹೋಗಿಬರಲು ವಾಹನ ಬೇಕಿರುವವರು ವಿಂಟೇಜ್ ನೋಂದಣಿಯ ಬದಲು ನಮೂನೆ 25ರಲ್ಲಿ ಸಾಮಾನ್ಯ ನೋಂದಣಿಯ ನವೀಕರಣದ ಬಗ್ಗೆ ವಿಚಾರಿಸುವುದು ಸೂಕ್ತ. ಯಾವ ನೋಂದಣಿ ಬೇಕೆಂಬುದನ್ನು ತೀರ್ಮಾನಿಸಿದ ನಂತರವೇ ವಾಹನವನ್ನು ಗ್ಯಾರೇಜಿಗೆ ಒಪ್ಪಿಸುವುದು ಎಲ್ಲ ರೀತಿಯಿಂದಲೂ ಹಿತಕರ.