ಹುಲ್ಲುಹಾಸಿನ ಬಾಯಾರಿಕೆ

ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಬಂಧುಗಳೊಬ್ಬರು ಮನೆ ಕಟ್ಟಿಸಿದ್ದಾರೆ. ಮನೆಯ ಮುಂದೆ 30 ಅಡಿ ಅಗಲ, 40 ಅಡಿ ಉದ್ದದ ಹುಲ್ಲುಹಾಸನ್ನು ಬಹಳ ಅಕ್ಕರೆಯಿಂದ ಬೆಳೆಸಿದ್ದರು. ಎರಡು ಬೇಸಿಗೆಗಳ ಹಿಂದೆ ಅವರ ಕೊಳವೆಬಾವಿಯ ನೀರು ಕುಗ್ಗಿತು. ಇನ್ನೂ ಆಳವಾದ ಮತ್ತೊಂದನ್ನು ಕೊರೆಯಿಸಬೇಕೆಂದು ನಿಶ್ಚಯಿಸಿದ ಅವರು, ಅದಕ್ಕೆ ಮೊದಲು ನಮ್ಮನ್ನು ಕೇಳಿದರು: “ನೀವು ಭೌತಶಾಸ್ತ್ರ ಹೇಳಿಕೊಡುವವರು. ಈ ಹುಲ್ಲಿಗೆ ದಿನವೂ ಇಷ್ಟೊಂದು ನೀರೇಕೆ? ಕಡಿಮೆ ನೀರಿನಲ್ಲಿ ಇದನ್ನು ಹಸುರಾಗಿ ಇಡುವ ಉಪಾಯವಿಲ್ಲವೆ?”

ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಉತ್ತರ ಹುಡುಕಹೊರಟರೆ ಸೂರ್ಯನಿಂದ ಹಿಡಿದು ಮನೆಗಂದಾಯದವರೆಗೆ ಹೋಗಬೇಕಾಗುತ್ತದೆ. ವಾಚಕರು ನಮ್ಮೊಡನೆ ಆ ದಾರಿಯಲ್ಲಿ ನಡೆಯಬೇಕೆಂದು ಕೋರುತ್ತೇವೆ.

ಸೂರ್ಯನ ಲೆಕ್ಕ

ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2450 ಕಿಲೋಜೂಲ್ ಶಾಖ ಬೇಕು. ಇದನ್ನೇ ಬಾಷ್ಪೀಭವನದ ಗುಪ್ತೋಷ್ಣವೆನ್ನುವರು. ಈ ಶಾಖವನ್ನು ತೋಟಕ್ಕೆ ಒದಗಿಸುವವನು ಸೂರ್ಯ. ನಮ್ಮ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೇಸಿಗೆಯ ಒಂದು ದಿನದಲ್ಲಿ ಬೀಳುವ ಬಿಸಿಲಿನ ಶಕ್ತಿ ಹೆಚ್ಚುಕಡಿಮೆ 20,000 ಕಿಲೋಜೂಲ್. ಇದರಲ್ಲಿ ಕಾಲುಭಾಗದಷ್ಟನ್ನು ಹುಲ್ಲು ಪ್ರತಿಫಲಿಸಿಬಿಡುತ್ತದೆ. ಇನ್ನೊಂದಿಷ್ಟು ಕಣ್ಣಿಗೆ ಕಾಣದ ಶಾಖಕಿರಣಗಳಾಗಿ ಆಕಾಶಕ್ಕೆ ಹಿಂದಿರುಗುತ್ತದೆ. ಉಳಿಯುವುದು ಸುಮಾರು 12,000 ಕಿಲೋಜೂಲ್. ಇದನ್ನು ಗುಪ್ತೋಷ್ಣದಿಂದ ಭಾಗಿಸಿದರೆ 5 ಕಿಲೋಗ್ರಾಂ, ಅಂದರೆ 5 ಲೀಟರ್ ನೀರು.

ನೀರು ಯಥೇಚ್ಛವಾಗಿ ದೊರೆಯುವ ಹುಲ್ಲು ತನ್ನ ಪತ್ರರಂಧ್ರಗಳನ್ನು ಹಗಲೆಲ್ಲ ತೆರೆದುಕೊಂಡು ಈ ಐದು ಲೀಟರನ್ನೂ ಗಾಳಿಗೆ ಒಪ್ಪಿಸಿಬಿಡುತ್ತದೆ. ತಾನು ಬೆಳೆಯುವುದಕ್ಕೆಂದು ಇಟ್ಟುಕೊಳ್ಳುವ ಪಾಲು ತೀರ ಅಲ್ಪ. ಹೀಗಿರುವುದರಿಂದ ಹುಲ್ಲುಹಾಸಿನ ನೀರಿನ ಖರ್ಚನ್ನು ಗೊತ್ತುಮಾಡುವುದು ಬಿಸಿಲು, ಗಾಳಿ ಮತ್ತು ಹುಲ್ಲಿನ ವಿಸ್ತಾರ. ಸಂಜೆಯ ವೇಳೆ ನೀರು ಹಾಕುವುದು, ಸಣ್ಣ ತುಂತುರಿನ ಬದಲು ನಿಧಾನವಾಗಿ ಹಾಯಿಸುವುದು ಮುಂತಾದ ಉಪಾಯಗಳಿಂದ ಪೋಲಾಗುವ ನೀರು ತಪ್ಪೀತು. ಹಸುರಾಗಿರುವ ಹುಲ್ಲು ಕುಡಿಯುವ ನೀರು ಮಾತ್ರ ತಪ್ಪದು.

ನಮ್ಮ ಬಂಧುಗಳ ಹುಲ್ಲುಹಾಸು ಸುಮಾರು 111 ಚದರ ಮೀಟರ್. ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆ 550 ಲೀಟರ್ ಬೇಕಾಯಿತು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಲಾಗಿದೆ. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಎಲ್ಲವೂ ಸೇರಿ ಅಷ್ಟು. ಆದ್ದರಿಂದ ಮನೆಯ ಮುಂದಿನ ಆ ಹಸುರು ಚೌಕ ಹತ್ತು ಜನರ ಪಾಲಿನ ನೀರನ್ನು ಕುಡಿಯುತ್ತಿತ್ತು.

ನೆಲದ ಲೆಕ್ಕ

ಈಗ ಅಷ್ಟು ನೀರು ಎಲ್ಲಿಂದ ಬರಬೇಕು ಎಂಬುದನ್ನು ಪರಿಶೀಲಿಸೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. ವರ್ಷವೆಲ್ಲ ಹಸುರಾಗಿರುವ ಹುಲ್ಲಿಗೆ ಬೇಕಾದುದು 1500 ಮಿಲಿಮೀಟರಿನಷ್ಟು. ಬಿದ್ದ ಮಳೆಯಲ್ಲಿ ಹರಿದುಹೋಗುವುದನ್ನು ಬಿಟ್ಟು 600 ಮಿಲಿಮೀಟರ್ ಹುಲ್ಲಿಗೆ ಸಿಕ್ಕಿತೆಂದರೂ 900 ಮಿಲಿಮೀಟರ್ ಕೊರತೆ. ಈ ಕೊರತೆಯನ್ನು ತುಂಬುವುದು ಕೊಳವೆಬಾವಿ.

ಉತ್ತರ ಪಿನಾಕಿನಿ, ಚಿತ್ರಾವತಿ ಮುಂತಾದ ನದಿಗಳು ಹುಟ್ಟುವುದು ನಂದಿಯ ಸುತ್ತಲಿನ ಬೆಟ್ಟಗಳಲ್ಲಿಯೇ. ಆದರೂ ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೆಳಗಿರುವುದು ಗಟ್ಟಿಯಾದ ಕಲ್ಲು. ಅದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲಬಲ್ಲದು. ಇಂತಹ ನೆಲದಲ್ಲಿ ಮಳೆಯ ಹತ್ತರಲ್ಲೊಂದು ಪಾಲು ಅಂತರ್ಜಲವಾದರೆ ಅದೇ ಹೆಚ್ಚು. ಎಂದರೆ ವರ್ಷಕ್ಕೆ 70 ಮಿಲಿಮೀಟರ್. ಹುಲ್ಲು ಕೇಳುವುದು 900. ನೆಲಕ್ಕೆ ಬರುವುದು 70. ಒಂದು ಚದರ ಅಡಿ ಹುಲ್ಲು ಹಸುರಾಗಿರಬೇಕಾದರೆ ಸುಮಾರು 13 ಚದರ ಅಡಿ ನೆಲ ತನ್ನ ಇಂಗಿದ ನೀರನ್ನೆಲ್ಲ ಅದಕ್ಕೆ ಧಾರೆಯೆರೆಯಬೇಕು. ನಮ್ಮ ಬಂಧುಗಳ ಹುಲ್ಲುಹಾಸು ವರ್ಷಕ್ಕೆ ಒಂದು ಲಕ್ಷ ಲೀಟರ್ ಅಂತರ್ಜಲವನ್ನು ಬೇಡುತ್ತಿತ್ತು. ಅದನ್ನು ಕೂಡಿಸಲು 14 ಗುಂಟೆ ನೆಲ ಬೇಕು. ಅವರ ನಿವೇಶನ ಅದರ ಕಾಲುಭಾಗವೂ ಇಲ್ಲ! ಉಳಿದ ನೀರು ನೆರೆಹೊರೆಯ ಹೊಲಗಳ ಅಡಿಯಿಂದ, ಪಕ್ಕದ ಹಳ್ಳಿಯ ಕೊಳವೆಬಾವಿಯ ಪಾಲಿನಿಂದ ಬರುತ್ತಿತ್ತೆಂದೇ ಅರ್ಥ. ಬಂಡೆಯ ಬಿರುಕುಗಳಿಗೆ ಕಾಂಪೌಂಡು ಗೋಡೆಯಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ಈ ಜಿಲ್ಲೆಯ ಬಹುತೇಕ ತಾಲ್ಲೂಕುಗಳನ್ನು ಅತಿಬಳಕೆಯ ವರ್ಗದಲ್ಲಿ ಸೇರಿಸಿರುವುದು ಈ ಬಗೆಯ ಲೆಕ್ಕದಿಂದಲೇ.

ಆಳಕ್ಕೆ ಹೋದಷ್ಟೂ ಖರ್ಚು ಹೆಚ್ಚು. 1000 ಅಡಿ, ಅಂದರೆ ಸುಮಾರು 300 ಮೀಟರ್ ಕೆಳಗಿನಿಂದ 550 ಲೀಟರ್ ನೀರನ್ನೆತ್ತಲು ಮಾಡಬೇಕಾದ ಕೆಲಸ 1600 ಕಿಲೋಜೂಲಿಗೂ ಹೆಚ್ಚು. ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಆಗುವ ನಷ್ಟವನ್ನು ಸೇರಿಸಿದರೆ ದಿನಕ್ಕೆ ಒಂದು ಯೂನಿಟ್ಟಿಗೆ ಮೀರಿ ವಿದ್ಯುತ್ತು ಬೇಕು. ಇಷ್ಟು ಶ್ರಮದಿಂದ ಮೇಲಕ್ಕೆ ತಂದ ನೀರು ಮಾರನೆಯ ದಿನ ಸಂಜೆಯೊಳಗೆ ಗಾಳಿಯಲ್ಲಿ ಸೇರಿಹೋಗುತ್ತದೆ.

ಹುಲ್ಲು ಕಿತ್ತವರಿಗೆ ಹಣ

ಇದೇ ಪ್ರಶ್ನೆ ನಮಗಿಂತ ಮೊದಲು ಅಮೆರಿಕದ ನೆವಾಡ ಮರುಭೂಮಿಯ ಲಾಸ್ ವೇಗಾಸ್ ನಗರಕ್ಕೆ ಎದುರಾಯಿತು. ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ. ನೀರಿನ ಹೆಚ್ಚಿನ ಪಾಲು ಕೊಲರಾಡೊ ನದಿಯದು. ಅಲ್ಲಿನ ಜಲಪ್ರಾಧಿಕಾರ 1999ರಲ್ಲಿ ಒಂದು ಯೋಜನೆಯನ್ನು ಹೂಡಿತು. ಮನೆಯವರು ಹುಲ್ಲುಹಾಸನ್ನು ಕಿತ್ತು, ಆ ಹವೆಗೆ ಹೊಂದುವ ಗಿಡಗಳನ್ನು ನೆಟ್ಟು, ಹನಿ ನೀರಾವರಿಯನ್ನು ಅಳವಡಿಸಿಕೊಂಡರೆ, ತೆಗೆದ ಹುಲ್ಲಿನ ಚದರ ಅಡಿಗೆ ಇಷ್ಟೆಂದು ಪ್ರಾಧಿಕಾರವೇ ಹಣ ಕೊಡುವುದು. ಹಲವು ವರ್ಷ ಈ ದರ 3 ಡಾಲರ್ ಇದ್ದಿತು. ಇದುವರೆಗೆ 20 ಕೋಟಿ ಚದರ ಅಡಿಗೂ ಮಿಗಿಲಾದ ಹುಲ್ಲು ಈ ರೀತಿಯಲ್ಲಿ ಹೋಗಿದೆ.

ಪ್ರಾಧಿಕಾರವು ಈ ಹಣವನ್ನು ಧರ್ಮಕ್ಕೆ ಕೊಡಲಿಲ್ಲ. ಮನೆಗಳಲ್ಲಿ ಪ್ರತ್ಯೇಕ ಮೀಟರುಗಳನ್ನಿಟ್ಟು ವರ್ಷಗಳ ಕಾಲ ಅಳೆದು ನೋಡಿದಾಗ, ಹುಲ್ಲಿಗೆ ಚದರ ಅಡಿಗೆ ವರ್ಷಕ್ಕೆ ಸುಮಾರು 276 ಲೀಟರೂ, ಒಣಹವೆಯ ಗಿಡಗಳ ತೋಟಕ್ಕೆ ಸುಮಾರು 65 ಲೀಟರೂ ಖರ್ಚಾಗುವುದು ಕಂಡುಬಂದಿತು. ಉಳಿತಾಯ ನಾಲ್ಕರಲ್ಲಿ ಮೂರು ಪಾಲು. ಹೊಸ ನೀರನ್ನು ದೂರದಿಂದ ತರುವುದಕ್ಕಿಂತ, ಇರುವ ನೀರನ್ನು ನಾಗರಿಕರಿಂದ ಹೀಗೆ ಕೊಂಡುಕೊಳ್ಳುವುದೇ ಅಗ್ಗ.

ಅವರು ಒಳಮನೆಯ ನೀರನ್ನು ಬಿಟ್ಟು ತೋಟದ ನೀರನ್ನೇ ಹಿಡಿದುದು ಏಕೆ? ಸ್ನಾನದ ನೀರು ಚರಂಡಿಗೆ ಹೋಗಿ, ಶುದ್ಧವಾಗಿ, ಮತ್ತೆ ಅವರ ಜಲಾಶಯವನ್ನು ಸೇರುತ್ತದೆ. ಆವಿಯಾದ ನೀರು ಹಿಂದಿರುಗುವುದಿಲ್ಲ. ಇದಕ್ಕೆ ನಮ್ಮಲ್ಲೇ ಉದಾಹರಣೆಯುಂಟು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಿಂದ ಆ ನಗರದ ಬಳಸಿದ ನೀರು ಸಂಸ್ಕರಣೆಗೊಂಡು ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆ. ಕಂದವಾರದ ಕೆರೆಯೂ ಅವುಗಳಲ್ಲೊಂದು. ಬೆಂಗಳೂರಿನವರ ಬಚ್ಚಲ ನೀರು ನಮ್ಮ ಕೆರೆಯನ್ನು ತಲುಪಬಲ್ಲದು. ಹುಲ್ಲುಹಾಸಿನ ನೀರು ತಲುಪಲಾರದು.

ಈ ಯೋಜನೆಯಲ್ಲಿ ದೋಷವೇ ಇಲ್ಲವೆನ್ನುವಂತಿಲ್ಲ. ಹುಲ್ಲು ಬೆಳೆಸಿದವರಿಗೆ ಹಣ ದೊರೆಯುತ್ತದೆ. ಮೊದಲಿನಿಂದಲೂ ಮಿತವಾಗಿ ಬಾಳಿದವರಿಗೆ ಏನೂ ಇಲ್ಲ. ಮತ್ತೊಂದು ಆಕ್ಷೇಪ ಭೌತಶಾಸ್ತ್ರದ್ದು: ನೀರನ್ನು ಆವಿಮಾಡದೆ ಉಳಿದ ಶಾಖ ಎಲ್ಲಿಗೆ ಹೋಗಬೇಕು? ಅದು ನೆಲವನ್ನೂ ಗಾಳಿಯನ್ನೂ ಬಿಸಿಮಾಡುತ್ತದೆ. ಹುಲ್ಲು ತೆಗೆದು ಬರಿಯ ಜಲ್ಲಿ ಹಾಸಿದರೆ ಅಂಗಳ ಕಾವಲಿಯಾದೀತು. ಆದುದರಿಂದಲೇ ಲಾಸ್ ವೇಗಾಸಿನಲ್ಲಿ, ಗಿಡಗಳು ಬೆಳೆದ ಮೇಲೆ ನೆಲದ ಅರ್ಧಭಾಗವನ್ನಾದರೂ ಮುಚ್ಚಬೇಕೆಂಬ ಷರತ್ತಿದೆ. ನೆರಳು ಬಿಸಿಲನ್ನು ನೆಲಕ್ಕೆ ಮುಟ್ಟಗೊಡದೆ ತಂಪನ್ನು ಕೊಡುತ್ತದೆ.

ನಮ್ಮಲ್ಲಿ ಯಾವ ದಾರಿ?

ಕರ್ನಾಟಕದಲ್ಲಿ ನೀರಿನ ಉಳಿತಾಯಕ್ಕೆ ಸರ್ಕಾರ ಹಣ ಕೊಡುವುದು ಹೊಸ ಮಾತಲ್ಲ. ರೈತರ ಹನಿ ನೀರಾವರಿಗೆ ಶೇಕಡ 90ರವರೆಗೆ ಸಹಾಯಧನ ದೊರೆಯುತ್ತ ಬಂದಿದೆ. ಈ ಜಿಲ್ಲೆಯ ದ್ರಾಕ್ಷಿ ತೋಟಗಳನ್ನು ನೋಡಿದವರು ಅದರ ಫಲವನ್ನು ಬಲ್ಲರು. ನಗರದ ಮನೆಯವರ ವಿಷಯದಲ್ಲಿ ಮಾತ್ರ ನಾವು ಬಹುಮಟ್ಟಿಗೆ ದಂಡವನ್ನೇ ನಂಬಿದ್ದೇವೆ. 2009ರ ತಿದ್ದುಪಡಿಯಿಂದ ಬೆಂಗಳೂರಿನ ಜಲಮಂಡಳಿ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಮಾಡಿತು. ತಪ್ಪಿದವರ ಬಿಲ್ಲಿಗೆ ದಂಡ ಸೇರುತ್ತದೆ. 2024ರ ಮಾರ್ಚಿಯ ಬರದಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5000 ರೂಪಾಯಿ ದಂಡವೆಂದು ಸಾರಿತು. ದಂಡದಿಂದ ಆ ಬೇಸಿಗೆ ಕಳೆಯಿತು. ಹುಲ್ಲುಹಾಸು ಹಾಗೆಯೇ ಉಳಿಯಿತು.

ರಿಯಾಯಿತಿ ಕೊಡಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ಅದು ನೀರಿನ ಬಿಲ್ಲಿನ ಮೂಲಕ ಆಗದು. ಸ್ವಂತ ಕೊಳವೆಬಾವಿಗೆ ನೀರಿನ ಬಿಲ್ಲೇ ಇಲ್ಲ. ಪ್ರತಿ ಮನೆಯೂ ಕಟ್ಟುವುದು ಮನೆಗಂದಾಯ. ಪುಣೆಯ ನಗರಪಾಲಿಕೆ ಮಳೆನೀರು ಸಂಗ್ರಹ, ಸೌರಶಕ್ತಿ ಮುಂತಾದವನ್ನು ಅಳವಡಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ಶೇಕಡ 5ರಿಂದ 10ರವರೆಗೆ ರಿಯಾಯಿತಿ ಕೊಡುತ್ತ ಬಂದಿದೆ. ಅದೇ ಪಟ್ಟಿಗೆ ಮಿತನೀರಿನ ಕೈತೋಟವನ್ನೂ ಸೇರಿಸಿದರೆ, ಹುಲ್ಲು ಕಿತ್ತವನಿಗೂ ಎಂದೂ ಹುಲ್ಲು ಬೆಳೆಸದೆ ಗಿಡಗಳನ್ನು ಬೆಳೆಸಿದವನಿಗೂ ಸಮನಾಗಿ ಲಾಭ ಸಿಗುತ್ತದೆ. ಮೇಲೆ ಹೇಳಿದ ಮೊದಲನೆಯ ದೋಷ ಹೀಗೆ ನಿವಾರಣೆಯಾದೀತೆಂದು ನಮ್ಮ ಅಭಿಪ್ರಾಯ.

ಕೈತೋಟದಲ್ಲಿ ಮೂರು ಪಾಲು

ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಅಣೆಕಟ್ಟುಗಳಿಂದ ಪ್ರಸಿದ್ಧರು. ಇದ್ದ ನೀರನ್ನು ಹಂಚುವುದರಲ್ಲಿ ಅವರು ತೋರಿದ ಜಾಣ್ಮೆ ಅಷ್ಟಾಗಿ ಪರಿಚಿತವಲ್ಲ. ಪುಣೆಯ ಪ್ರಾಂತದ ಕಾಲುವೆಗಳ ನೀರನ್ನು ಕಬ್ಬಿನ ಗದ್ದೆಗಳೇ ಹೀರಿಕೊಳ್ಳುತ್ತಿದ್ದಾಗ, 1899ರಲ್ಲಿ ಅವರು ‘ಬ್ಲಾಕ್’ ಪದ್ಧತಿಯನ್ನು ಸೂಚಿಸಿದರು. ಹೆಚ್ಚು ನೀರಿನ ಬೆಳೆಗೆ ಒಂದು ಪಾಲು ನೆಲ, ಉಳಿದುದಕ್ಕೆ ಕಡಿಮೆ ನೀರಿನ ಬೆಳೆ, ಸರದಿಯಂತೆ ಬದಲಾವಣೆ: ಹೀಗೆ ಅದೇ ನೀರು ಹೆಚ್ಚು ಹಳ್ಳಿಗಳಿಗೆ ಒದಗಿತು.

ಕೈತೋಟಕ್ಕೂ ಈ ಪಾಠ ಸಲ್ಲುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಇದು ನಮ್ಮ ಹಿರಿಯರ ವಾಡಿಕೆಯೇ. ನಡುವೆ ಆಗಾಗ ನೀರು ಬೇಡುವ ಹೂಗಿಡಗಳು. ಉಳಿದ ದೊಡ್ಡ ಪಾಲಿಗೆ ಬೇರೂರಿದ ಮೇಲೆ ಮಳೆಯನ್ನೇ ನೆಚ್ಚುವ ತಂಗಡಿ, ಬಂದರಿಕೆ, ಕವಳಿ, ಬೇಲಿಗೆ ಲಕ್ಕಿ, ನೆರಳಿಗೆ ಹೊಂಗೆ, ಚೆಲುವಿಗೆ ಕಕ್ಕೆ. ಬಿಸಿಲೇರಿದಾಗ ಇವು ಪತ್ರರಂಧ್ರಗಳನ್ನು ಮುಚ್ಚಿಕೊಂಡೋ, ಬೇರನ್ನು ಆಳಕ್ಕಿಳಿಸಿಯೋ, ಎಲೆಯುದುರಿಸಿಯೋ ಬರವನ್ನು ಕಳೆಯುತ್ತವೆ. ಬರವನ್ನು ತಾಳುವ ಗಿಡವೆಲ್ಲ ನೀರುಳಿಸುವ ಗಿಡವೆಂದು ಮಾತ್ರ ತಿಳಿಯಬಾರದು. ನೀಲಗಿರಿಯೂ ಬರವನ್ನು ತಾಳುತ್ತದೆ. ಆದರೆ ಆಳದ ತೇವವನ್ನು ಹೀರುತ್ತದೆಂಬ ಕಾರಣದಿಂದ ಕರ್ನಾಟಕ ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಹುಲ್ಲೇ ಬೇಕೆಂಬುವರಿಗೆ ಗಣಪತಿಯ ಪೂಜೆಯ ಗರಿಕೆ ಉಂಟು. ನೀರು ನಿಲ್ಲಿಸಿದರೆ ಅದು ಬೇಸಿಗೆಯಲ್ಲಿ ಕಂದಾಗಿ ಮಲಗುತ್ತದೆ. ಬುಡ ಜೀವಂತವಾಗಿದ್ದು ಮಳೆಗೆ ಚಿಗುರುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. 15 ಸೆಂಟಿಮೀಟರ್ ವ್ಯಾಸದ ಎರಡು ಡಬ್ಬಿಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ಹುಲ್ಲಿನ ಹೆಂಟೆಯನ್ನೂ ಇನ್ನೊಂದರಲ್ಲಿ ತಂಗಡಿಯ ಸಸಿಯನ್ನೂ ಬೆಳೆಸಿರಿ. ಬೆಳಿಗ್ಗೆ ನೀರು ಹಾಕಿ ತೂಗಿ, ಮರುದಿನ ಬೆಳಿಗ್ಗೆ ಮತ್ತೆ ತೂಗಿರಿ. ತೂಕ 88 ಗ್ರಾಂ ಕಡಿಮೆಯಾಗಿದ್ದರೆ 5 ಮಿಲಿಮೀಟರ್ ನೀರು ಆವಿಯಾಯಿತೆಂದು ಅರ್ಥ. ಅನಂತರ ಎರಡಕ್ಕೂ ನೀರು ನಿಲ್ಲಿಸಿ, ದಿನದಿನದ ತೂಕವನ್ನು ಬರೆದಿಟ್ಟು ನಕ್ಷೆ ಎಳೆಯಿರಿ. ಯಾವುದು ಮೊದಲು ಬಾಡುವುದೆಂಬುದನ್ನೂ ಗುರುತಿಸಿರಿ.

ನಮ್ಮ ಬಂಧುಗಳು ಎರಡನೆಯ ಕೊಳವೆಬಾವಿಯನ್ನು ಕೊರೆಯಿಸಲಿಲ್ಲ. ಹುಲ್ಲುಹಾಸಿನ ಮೂರರಲ್ಲಿ ಎರಡು ಪಾಲನ್ನು ತೆಗೆದು ಹೊಂಗೆ, ತಂಗಡಿಗಳನ್ನು ನೆಟ್ಟರು. ಉಳಿದ ಪಾಲಿನಲ್ಲಿ ಗರಿಕೆ. ಮೊದಲ ಬೇಸಿಗೆಯಲ್ಲಿ ಗರಿಕೆ ಕಂದಾದಾಗ, ಅಂಗಳ ಹಾಳುಬಿದ್ದಂತೆ ಕಾಣುತ್ತಿದೆಯೆಂದು ಮನೆಯವರೆಲ್ಲ ನಮ್ಮನ್ನೇ ದೂರಿದರು. ಜೂನ್ ತಿಂಗಳಲ್ಲಿ ಎರಡು ಹದವಾದ ಮಳೆ ಬಿದ್ದಿತು. ವಾರ ಕಳೆದು ನಾವು ಹೋದಾಗ ಅಂಗಳ ಹಸುರಾಗಿದ್ದಿತು. ನೀರು ಹಾಕುವ ರಬ್ಬರಿನ ಕೊಳವೆ ಸುರುಳಿಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿದ್ದಿತು.