ಮೊದಲ ಸಾಲಿನ ವಿಳಾಸ ತಪ್ಪಿದರೆ...

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಂದ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿರುವುದು ವಿಂಡೋಸ್, ಲ್ಯಾಬಿನಲ್ಲಿ ಲಿನಕ್ಸ್. ರಾತ್ರಿ ಮನೆಯಲ್ಲಿ ಸಲೀಸಾಗಿ ಓಡಿದ ಪೈಥಾನ್ ಪ್ರೋಗ್ರಾಂ ಬೆಳಿಗ್ಗೆ ಲ್ಯಾಬಿನಲ್ಲಿ ಮೊಂಡು ಹಿಡಿಯುತ್ತದೆ. 'ಅಂಥ ಕಡತವೇ ಇಲ್ಲ' ಎನ್ನುತ್ತದೆ ಪರದೆ. ಕಡತವೋ ಕಣ್ಣೆದುರೇ ಇದೆ! 'ಈ ವಿದ್ಯೆ ನನಗೆ ಹತ್ತದು' ಎಂದು ಹುಡುಗ ಕೈಚೆಲ್ಲುತ್ತಾನೆ. 'ಗಮನವಿಟ್ಟು ಓದಿಲ್ಲ' ಎಂದು ಅಪ್ಪ ಗದರುತ್ತಾರೆ. ಆದರೆ ಇಂಥ ತೊಡಕಿಗೆ ಕಾರಣ ಮೊದಲ ಸಾಲೊಂದೇ ಇರಬಹುದು.

ದುಭಾಷಿಯ ಹುಡುಕಾಟ

ನಾವು ಬರೆದ ಸ್ಕ್ರಿಪ್ಟ್ ಕಂಪ್ಯೂಟರಿಗೆ ನೇರವಾಗಿ ತಿಳಿಯದು. ನಡುವೆ ಇಂಟರ್‌ಪ್ರಿಟರ್ ಎಂಬ ದುಭಾಷಿ ಬೇಕು. ಯುನಿಕ್ಸ್, ಲಿನಕ್ಸ್‌ಗಳಲ್ಲಿ ಮೊದಲ ಸಾಲಿನ '#!' ಗುರುತಿನ ಮುಂದೆ ಆ ದುಭಾಷಿಯ ವಿಳಾಸ ಬರೆಯುತ್ತಾರೆ. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ 1980ರಲ್ಲಿ ತಂದ ಏರ್ಪಾಡು ಇದು.

ವಿಳಾಸ ಬದಲಾದರೆ? ಕೃಷ್ಣರಾಜನಗರದವರಿಗೆ ಇದು ಬೇಗ ಅರ್ಥವಾದೀತು. ಕಾವೇರಿಯ ಪ್ರವಾಹಕ್ಕೆ ನಲುಗಿದ ಎಡತೊರೆಯ ಬಳಿ 1925-30ರ ಅವಧಿಯಲ್ಲಿ ಕಟ್ಟಿದ ಹೊಸ ಊರದು. ಮನೆ ಬದಲಿಸಿದವರನ್ನು ಹಳೆಯ ಬಾಗಿಲಲ್ಲಿ ಹುಡುಕಿದರೆ ಸಿಗುವರೇ? ದಾರಿಯಲ್ಲಿ ಕೇಳುತ್ತ ಹೋಗಬೇಕು. ಹಾಗೆ ಕೇಳುವ ಕೆಲಸ 'ಎನ್ವ್' ಎಂಬ ಪುಟ್ಟ ಪ್ರೋಗ್ರಾಮಿನದು. '#!/ಯುಎಸ್‌ಆರ್/ಬಿನ್/ಎನ್ವ್ ಪೈಥಾನ್3' ಎಂದು (ಇಂಗ್ಲಿಷ್ ಸಣ್ಣಕ್ಷರಗಳಲ್ಲಿ) ಬರೆದರೆ, 'ಪಾತ್' ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ ತಡಕಿ ಪೈಥಾನನ್ನು ಕರೆತರುತ್ತದೆ.

ಕಾಣದ ಅಕ್ಷರ

ವಿಂಡೋಸ್ ತಾನಾಗಿ ಈ ಸಾಲನ್ನು ನೋಡದು. ಕಡತದ ಹೆಸರಿನ ಬಾಲ ನೋಡಿ ನಿರ್ಧರಿಸುತ್ತದೆ. 2012ರ ಪೈಥಾನ್ 3.3ರೊಂದಿಗೆ ಬಂದ 'ಪೈ' ಎಂಬ ಸಹಾಯಕ ಮಾತ್ರ ಅದನ್ನು ಓದಬಲ್ಲುದು.

ಇನ್ನೊಂದು ಕಿತಾಪತಿಯಿದೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಅಕ್ಷರಗಳಿರುವುದು ರೂಢಿ, ಲಿನಕ್ಸ್‌ನಲ್ಲಿ ಒಂದೇ. ಹೆಚ್ಚಿನ ಅಕ್ಷರ 'ಪೈಥಾನ್3'ರ ಬಾಲಕ್ಕೆ ಅಂಟಿಕೊಂಡರೆ ಆ ಹೆಸರಿನ ದುಭಾಷಿ ಎಲ್ಲಿಯೂ ಸಿಗುವುದಿಲ್ಲ!

ಉಪಾಯ ಸುಲಭ. ಎಡಿಟರಿನಲ್ಲಿ ಸಾಲಿನ ಅಂತ್ಯವನ್ನು 'ಎಲ್‌ಎಫ್' ಎಂದು ಆರಿಸಿ ಉಳಿಸಿ. ಲಿನಕ್ಸ್‌ನಲ್ಲಿ 'ಸಿಎಚ್‌ಮಾಡ್' ಆಜ್ಞೆಯಿಂದ ಕಡತಕ್ಕೆ ಓಡುವ ಅನುಮತಿ ಕೊಡಿ. ಅವಸರವಿದ್ದರೆ 'ಪೈಥಾನ್3' ಎಂದು ಬರೆದು ಮುಂದೆ ಕಡತದ ಹೆಸರು ಕೊಡಿ. ಆಗ ಮೊದಲ ಸಾಲು ಲೆಕ್ಕಕ್ಕೇ ಬರುವುದಿಲ್ಲ.

ಪೋಷಕರೇ, ಮುಂದಿನ ಸಲ ಗದರುವ ಮುನ್ನ 'ಮೊದಲ ಸಾಲು ನೋಡಿದೆಯಾ?' ಎಂದು ಕೇಳಿ. ದಡ್ಡತನವಲ್ಲ, ವಿಳಾಸದ ತಪ್ಪು ಎಂದು ತಿಳಿದರೆ ಮಕ್ಕಳು ಧೈರ್ಯದಿಂದ ಮತ್ತೆ ಕೂರುತ್ತಾರೆ.